ಪ್ಲಾಸ್ಟಿಕ್ಕಿನ ಕೆಳಗಿನ ಪೆನ್ಸಿಲ್ ಗೆರೆ

ಲ್ಯಾಮಿನೇಷನ್ ಯಂತ್ರ ಬಿಸಿಯಾಗುವಾಗ ಒಂದು ವಾಸನೆ ಬರುತ್ತದೆ. ಸುಟ್ಟ ವಾಸನೆಯೂ ಅಲ್ಲ, ಹೊಸ ವಸ್ತುವಿನ ವಾಸನೆಯೂ ಅಲ್ಲ, ಎರಡರ ನಡುವಿನದು. ಕಾರವಾರದ ಹಬ್ಬುವಾಡದ ನನ್ನ ಚಿಕ್ಕ ಅಂಗಡಿಯಲ್ಲಿ ದಿನಾ ಅದೇ ವಾಸನೆಯಲ್ಲಿ ಕೂತಿರುವವಳಿಗೆ ಅದು ಮೂಗಿಗೆ ಹತ್ತುವುದೇ ನಿಂತುಹೋಗಿದೆ. ಕಳೆದ ವಾರ ಮಾತ್ರ ಹತ್ತಿತು. ಚಿಕ್ಕಿ ತಂದುಕೊಟ್ಟ ಹಳೆಯ ಹಾಳೆಯೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದೆ, ಪಕ್ಕದಲ್ಲಿ ಯಂತ್ರ ಕಾಯುತ್ತಿತ್ತು, ಇದ್ದಕ್ಕಿದ್ದಂತೆ ನಮ್ಮ ಕಂಪ್ಯೂಟರ್ ಅಕ್ಕೋರು ಎದುರು ಬಂದು ನಿಂತ ಹಾಗಾಯಿತು.

ಚಿಕ್ಕಿ ಎಂದರೆ ನನ್ನ ಅಮ್ಮನ ತಂಗಿ. ಅವಳ ಮನೆಯ ಅಡುಗೆಕೋಣೆಗೆ ಹೊಸ ನೆಲ ಹಾಕಿಸುತ್ತಿದ್ದರು. ಉಪ್ಪಿನ ಭರಣಿಯ ಅಡಿಯಲ್ಲಿ ವರ್ಷಾನುಗಟ್ಟಲೆ ಬಿದ್ದಿದ್ದ ಈ ಹಾಳೆ ಆಗ ಸಿಕ್ಕಿತಂತೆ. ಲ್ಯಾಮಿನೇಟ್ ಮಾಡಿದ ಉದ್ದನೆಯ ಹಾಳೆ, ನಾಲ್ಕು ಮೂಲೆಯಲ್ಲಿ ಮೊಳೆ ಹೊಡೆದ ತೂತು, ನಡುವೆ ಭರಣಿಯ ದುಂಡನೆಯ ಕಲೆ. ತಾರೀಖು, ತಿಥಿ, ನೀರು ಇಳಿಯುವ ಹೊತ್ತು ಎಂದು ಮೂರು ಕಾಲಂ. ಕೆಳಗೆ ನಮ್ಮ ಶಾಲೆಯ ಹೆಸರು, 'ಒಂಬತ್ತನೇ ತರಗತಿ, ಗುಂಪು ಎರಡು'. ಆ ಗುಂಪಿನಲ್ಲಿ ನಾಲ್ಕು ಮಂದಿ ಇದ್ದೆವು. ಬರೆಯುವ ಕೆಲಸವೆಲ್ಲ ನನ್ನದು.

"ನಿಂದೇ ಅಲ್ಲ ಇದು? ಬಿಸಾಕೂಕೆ ಮನಸ್ಸು ಬರ್ಲಿಲ್ಲ" ಎಂದು ಹೇಳಿ, ಚಹಾ ಕುಡಿದು, ಚಿಕ್ಕಿ ಬಸ್ಸಿಗೆ ಹೊರಟುಹೋದಳು. ಅವಳಿಗೆ ಈಗ ಆ ಸಿಟ್ಟಿಲ್ಲ. ಎಡಗಾಲನ್ನು ಮಾತ್ರ ಈಗಲೂ ಸ್ವಲ್ಪ ಎಳೆದೇ ನಡೆಯುತ್ತಾಳೆ.

ನಮ್ಮದು ಚೆಂಡಿಯಾ ಕಡೆಯಿಂದ ಎದ್ದು ಬಂದ ಮನೆ. ನೌಕಾನೆಲೆಗೆ ಜಾಗ ಹೋದಮೇಲೆ ಹೆದ್ದಾರಿಯ ಒಳಬದಿಗೆ ಕಾಲನಿ ಕಟ್ಟಿಕೊಟ್ಟಿದ್ದರು. ಹಳೆಯ ಮನೆಯ ಬಾಗಿಲಲ್ಲಿ ನಿಂತರೆ ನೀರು ಕಾಣುತ್ತಿತ್ತಂತೆ, ಹೊಸ ಮನೆಯ ಬಾಗಿಲಲ್ಲಿ ನಿಂತರೆ ಎದುರು ಮನೆಯ ಬಾಗಿಲು. ಹೆಂಗಸರು ಬಳಚು, ಅಂದರೆ ಮರಳಿನೊಳಗಿನ ಚಿಪ್ಪುಮೀನು, ಹೆಕ್ಕಲು ಅಂಕೋಲೆಯ ಕಡೆಯ ಅಳಿವೆಗೆ, ಹೊಳೆ ಸಮುದ್ರ ಸೇರುವಲ್ಲಿಗೆ, ಬಸ್ಸು ಹತ್ತಿ ಹೋಗಬೇಕಾಗಿತ್ತು. ನೀರು ಇಳಿದಾಗ ಮಾತ್ರ ಅಲ್ಲಿ ಮರಳ ದಿಬ್ಬ ಏಳುತ್ತದೆ, ಆ ದಿಬ್ಬದಲ್ಲಿ ಕೈಯಿಂದ ಕೆದಕಿದರೆ ಬಳಚು. ಹಿಂದೆ ಬಾಗಿಲಿಗೆ ಬಂದು ನೋಡಿ ಇಳಿದುಬಿಡುತ್ತಿದ್ದವರಿಗೆ ಈಗ ಯಾವ ಬಸ್ಸು ಹಿಡಿಯಬೇಕು ಎಂಬುದೇ ದೊಡ್ಡ ತಲೆಬಿಸಿ. ಲೆಕ್ಕ ಹಾಕಿ ಹೊತ್ತು ಹೇಳಬಲ್ಲವಳು ಇಡೀ ಕಾಲನಿಯಲ್ಲಿ ನನ್ನ ಅಜ್ಜಿ ಒಬ್ಬಳೇ. ಅವಳೋ ಎರಡು ಸಲ ಕೇಳಿದರೆ ಬೈಯುವವಳು.

ಅಕ್ಕೋರು ಬಂದದ್ದು ನಾವು ಒಂಬತ್ತಕ್ಕೆ ಬಂದ ವರ್ಷ. ನಮ್ಮ ಕಡೆ ಟೀಚರ್ ಅಂದರೆ ಅಕ್ಕೋರು. ಇವರು ಗುತ್ತಿಗೆಯ ಮೇಲೆ ಬಂದವರಾದ್ದರಿಂದ ಉಳಿದ ಅಕ್ಕೋರುಗಳ ಜೊತೆ ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಕಂಪ್ಯೂಟರ್ ಕೋಣೆಯೇ ಅವರ ಮನೆ. ಊರು ಸುಂಕಸಾಳ, ಯಲ್ಲಾಪುರ ರಸ್ತೆಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಅಂಕೋಲೆಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಬಂದವರೇ ಕಂಪ್ಯೂಟರುಗಳ ಮೇಲಿನ ಹೂವಿನ ಬಟ್ಟೆಯ ಮುಸುಕು ತೆಗೆದು, ಮಡಚಿ, ಕಿಟಕಿಯಲ್ಲಿ ಇಡುತ್ತಿದ್ದರು. ಆ ಮುಸುಕುಗಳನ್ನು ಅವರೇ ಹೊಲಿದದ್ದು. ಐದು ಕಂಪ್ಯೂಟರಿನಲ್ಲಿ ನಡೆಯುತ್ತಿದ್ದದ್ದು ಎರಡು. ನಡೆಯದ ಮೂರಕ್ಕೂ ಮುಸುಕು ಇತ್ತು.

ಅದಕ್ಕೆ ಮೊದಲು ಕಂಪ್ಯೂಟರ್ ಅಂದರೆ ನಮಗೆ ಚಿತ್ರ ಬರೆಯುವ ಪಾಠ. ಮಾನಿಟರ್, ಮೌಸ್, ಕೀಬೋರ್ಡ್ ಬರೆದು, ಬಣ್ಣ ಹಚ್ಚಿ, ಬಾಣದ ಗುರುತು ಹಾಕಿ ಹೆಸರು ಬರೆದರೆ ಹತ್ತಕ್ಕೆ ಹತ್ತು. ಈ ಅಕ್ಕೋರು ಮೊದಲ ದಿನವೇ ಆ ವಹಿಯನ್ನು ಮುಚ್ಚಿಸಿದರು. ಈ ವರ್ಷ ಪ್ರತಿ ಗುಂಪೂ ಒಂದು ಪ್ರಾಜೆಕ್ಟ್ ಮಾಡಬೇಕು, ಊರಲ್ಲಿ ಯಾರಿಗಾದರೂ ಬೇಕಾದ ಒಂದು ವಸ್ತುವನ್ನು ಈ ಕಂಪ್ಯೂಟರಿನಿಂದ ಮಾಡಿಕೊಡಬೇಕು, ಕಲಿಯುವುದೆಲ್ಲ ಅದರೊಳಗೇ ಆಗುತ್ತದೆ ಅಂದರು. ನಮಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಶಾಲೆಯಲ್ಲಿ ಪ್ರಾಜೆಕ್ಟ್ ಅಂದರೆ ಥರ್ಮಾಕೋಲಿನ ಜ್ವಾಲಾಮುಖಿ. ಪಾಠ ಮಾಡದೆ ಮಕ್ಕಳಿಂದಲೇ ಕೆಲಸ ಮಾಡಿಸುವ ಇದೆಂಥ ಅಕ್ಕೋರು ಎಂದು ಅಮ್ಮನೂ ಕೇಳಿದಳು.

ಎಂಥ ಪ್ರಾಜೆಕ್ಟ್ ಮಾಡುವುದು ಎಂದು ಮೂರು ವಾರ ಕೂತೆವು. ಅಷ್ಟರಲ್ಲಿ ಒಂದು ದಿನ ನಾನು ಶಾಲೆಗೆ ತಡವಾಗಿ ಹೋದೆ. ಅಮ್ಮ, ಚಿಕ್ಕಿ ಅಳಿವೆಯಿಂದ ಬರುವುದು ತಡವಾಗಿತ್ತು, ಅವರು ಬರುವ ತನಕ ಮನೆಕೆಲಸ ನನ್ನ ಮೇಲೆ. ನೀರು ಇಳಿಯುವುದು ತಡ ಆಯ್ತು ಅಕ್ಕೋರೆ ಅಂದೆ. ತರಗತಿಯಲ್ಲಿ ಯಾರೂ ನಗಲಿಲ್ಲ, ನಮಗೆಲ್ಲ ಅದು ಕಾರಣವೇ. ಅಕ್ಕೋರು ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದರು.

"ಸಮುದ್ರಕ್ಕೂ ಟೈಮ್ ಟೇಬಲ್ ಅದ್ಯಾ?" ಎಂದು ಕೇಳಿದರು.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಇಲ್ಲ, ನಿಜವಾಗಿಯೂ ಕೇಳಿದ್ದರು. ಗದ್ದೆಯ ಮನೆಯಿಂದ ಬಂದವರು. ಅಂಕೋಲೆಯಿಂದ ನಮ್ಮಲ್ಲಿಗೆ ಬಸ್ಸಿನಲ್ಲಿ ಬರುವಾಗ ಸಮುದ್ರ ಕಂಡರೂ ಕಾಲು ಮುಳುಗಿಸಿದ್ದು ಒಂದೆರಡು ಸಲ ಅಂತೆ. ಆಮೇಲೆ ಹಲವು ಬಾರಿ ಒಂದೇ ಮಾತು ಹೇಳುತ್ತಿದ್ದರು, ಸಮುದ್ರದ ವಿಷಯ ನಿಮಗೆ ಗೊತ್ತು, ನನಗೆ ಗೊತ್ತಿಲ್ಲ, ನೀವೇ ನನಗೆ ಹೇಳಬೇಕು ಎಂದು. ಒಬ್ಬ ಅಕ್ಕೋರು ತನಗೆ ಗೊತ್ತಿಲ್ಲ ಅನ್ನುವುದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ನಮಗೆ ಖುಷಿಯಾಯಿತು, ಸ್ವಲ್ಪ ಸಸಾರವೂ ಆಯಿತು. ಹೀಗೆ ನಮ್ಮ ಗುಂಪಿನ ಪ್ರಾಜೆಕ್ಟ್ ತೀರ್ಮಾನವಾಯಿತು: ಬಳಚಿನ ಹೆಂಗಸರಿಗೆ ನೀರು ಇಳಿಯುವ ಹೊತ್ತಿನ ಪಟ್ಟಿ, ದೀಪಾವಳಿಯಿಂದ ಮೂರು ತಿಂಗಳಿಗೆ.

ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಅಕ್ಕೋರು ಕಳಿಸಿದರು. ಅಜ್ಜಿ ಜಗಲಿಯಲ್ಲಿ ಕೂತು ಬಲೆಯ ಹರಕು ನೋಡುತ್ತಿದ್ದಳು. ಬಲೆಗೆ ಈಗ ಯಾವ ಕೆಲಸವೂ ಇರಲಿಲ್ಲ, ಕೈಗೆ ಅಭ್ಯಾಸ. ಅಮಾವಾಸ್ಯೆಯ ಬೆಳಗಿನ ಇಳಿತ ಎಷ್ಟು ಹೊತ್ತಿಗೆ ಎಂದು ಹೇಳಿದಳು. ಅಲ್ಲಿಂದ ದಿನಕ್ಕೆ ಎರಡು ಗಳಿಗೆ ತಡವಾಗುತ್ತ ಹೋಗುತ್ತದೆ ಅಂದಳು. ನಾನು ಬರೆದುಕೊಂಡೆ. ಎದ್ದು ಹೊರಡುವಾಗ ಇನ್ನೊಂದು ಮಾತು ಹೇಳಿದಳು. ಅವಳ ದನಿ, ಕೈಯಲ್ಲಿದ್ದ ಬಲೆಯ ಕಣ್ಣು, ಎಲ್ಲ ನೆನಪಿದೆ.

"ಅಮಾಸೆ ಬಂತು ಅಂದ್ರೆ ಹಿಂದಿಂದೆಲ್ಲ ಬಿಟ್ಬಿಡೂದು. ಮತ್ತೆ ಮೊದ್ಲಿಂದ ಎಣ್ಸೂದು. ನಿನ್ನಿದ್ರ ಮೇಲೇ ಏರಿಸ್ತಾ ಹೋದ್ರೆ ದಾರಿ ತಪ್ತದೆ."

ಇದನ್ನು ನಾನು ಬರೆದುಕೊಳ್ಳಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಹಿಂದಿನ ದಿನವಷ್ಟೇ ಅಕ್ಕೋರು ನಮಗೆ ಒಂದು ಮೋಜು ತೋರಿಸಿದ್ದರು. ಪರದೆಯ ಮೇಲಿನ ಕೋಷ್ಟಕದ ಒಂದು ಮನೆಯಲ್ಲಿ ಹೊತ್ತು ಬರೆದು, ಅದರ ಕೆಳಗಿನ ಮನೆಯಲ್ಲಿ 'ಮೇಲಿನದಕ್ಕೆ ಇಷ್ಟು ಕೂಡಿಸು' ಎಂದು ಹೇಳಿಕೊಟ್ಟು, ಮೂಲೆಯ ಚಿಕ್ಕ ಕಪ್ಪು ಚೌಕ ಹಿಡಿದು ಕೆಳಗೆ ಎಳೆದರೆ ಸಾಕು, ಸರಸರ ಎಂದು ಪರದೆಯ ಕೊನೆಯವರೆಗೂ ಹೊತ್ತುಗಳು ತುಂಬಿಕೊಳ್ಳುತ್ತಿದ್ದವು. ನಮ್ಮ ನಾಲ್ವರಿಗೂ ಅದೊಂದು ಹುಚ್ಚು ಹಿಡಿದಿತ್ತು. ಮೂರು ತಿಂಗಳನ್ನು ಒಂದೇ ಎಳೆತಕ್ಕೆ ಎಳೆಯಬೇಕು ಎಂದು ನಾನು ಕಾದು ಕೂತಿದ್ದೆ. ಅಮಾವಾಸ್ಯೆಗೊಮ್ಮೆ ನಿಲ್ಲಿಸಿ ಮತ್ತೆ ಮೊದಲಿಂದ ಎಂದರೆ ಆ ಮೋಜು ಹಾಳು. ಅಜ್ಜಿಗೆ ಕಂಪ್ಯೂಟರ್ ಏನು ಗೊತ್ತು ಎಂದು ಬಿಟ್ಟುಬಿಟ್ಟೆ.

ಎರಡು ಗಳಿಗೆ ಅಂದರೆ ನಲವತ್ತೆಂಟು ನಿಮಿಷ. ವಿಜ್ಞಾನದ ಪುಸ್ತಕದಲ್ಲಿ ಐವತ್ತು ಎಂದಿತ್ತು. ಯಾವುದು ಇಟ್ಟುಕೊಳ್ಳುವುದು ಎಂದು ಗುಂಪಿನಲ್ಲಿ ಜಗಳವಾಯಿತು. ಅಕ್ಕೋರು ಹೇಳಲಿಲ್ಲ, ನೀವೇ ಯೋಚಿಸಿ ಅಂದರು. ನಾವು ಕೈ ಎತ್ತಿ ಮತ ಹಾಕಿದೆವು, ಪುಸ್ತಕ ಗೆದ್ದಿತು. ನಾನು ಚೌಕ ಹಿಡಿದು ಎಳೆದೆ. ತೊಂಬತ್ತಕ್ಕೂ ಮೇಲೆ ಸಾಲು, ಒಂದೇ ಉಸಿರಿಗೆ. ನಾಲ್ವರೂ ಚಪ್ಪಾಳೆ ತಟ್ಟಿದೆವು. ನಿಜವಾದ ಲೆಕ್ಕ ಎರಡರ ನಡುವಿನದು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಿಯಾಗಿ ಇಪ್ಪತ್ತನಾಲ್ಕು ಗಂಟೆ ಸುತ್ತಿ ಮತ್ತೆ ಅದೇ ಹೊತ್ತಿಗೆ ಬರುವಂಥದು. ದಿನಕ್ಕೆ ಒಂದು ನಿಮಿಷದ ಮೇಲೆ ಇಷ್ಟೇ ಇಷ್ಟು ತಪ್ಪು. ಅಜ್ಜಿಯ ಹಾಗೆ ಪ್ರತಿ ಅಮಾವಾಸ್ಯೆಗೆ ಹಿಂದಿನದನ್ನು ಬಿಟ್ಟು ಎಣಿಸಿದರೆ ಅದು ಅಲ್ಲಲ್ಲೇ ಅಳಿಸಿಹೋಗುವಂಥದು. ನಾವು ಅದನ್ನು ಮೂರು ತಿಂಗಳು ಕೂಡಿಸುತ್ತ ಹೋಗಿದ್ದೆವು. ಇದು ನನಗೆ ತಿಳಿದದ್ದು ಬಹಳ ಆಮೇಲೆ.

ಹಾಳೆ ಹೊರಗೆ ಹಚ್ಚುವಂಥದು, ಇಬ್ಬನಿಗೆ ಹಾಳಾಗುತ್ತದೆ ಎಂದು ಅಕ್ಕೋರು ಒಂದು ಶನಿವಾರ ಅದನ್ನು ಕಾರವಾರಕ್ಕೆ ಒಯ್ದು ಲ್ಯಾಮಿನೇಷನ್ ಮಾಡಿಸಿ ತಂದರು. ಆಗ ನಮಗೆಲ್ಲ ಅದೊಂದು ದೊಡ್ಡ ವಸ್ತು. ಸೋಮವಾರ ಅವರ ಚೀಲದಿಂದ ಹೊರಗೆ ಬಂದಾಗ ನಾವು ಒಬ್ಬೊಬ್ಬರಾಗಿ ಮೂಸಿ ನೋಡಿದೆವು. ಆ ವಾಸನೆ ನನಗೆ ಅಂದಿನಿಂದ ಪರಿಚಯ... ಮಧ್ಯಾಹ್ನ ಎಲ್ಲರೂ ಮೆರವಣಿಗೆ ಹೋದ ಹಾಗೆ ಹೋಗಿ ಕಾಲನಿಯ ಬಸ್ ಸ್ಟಾಪಿನ ಗೋಡೆಗೆ ಮೊಳೆ ಹೊಡೆದು ಬಂದೆವು. ಹೆಂಗಸರು ಬಂದು ನೋಡಿದರು. ಚಿಕ್ಕಿ ನನ್ನ ಗಲ್ಲ ಹಿಡಿದು ಮುದ್ದು ಮಾಡಿದಳು. ಇನ್ನು ಅಜ್ಜಿಯ ಬೈಗುಳ ಕೇಳುವ ಕೆಲಸವಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಳು.

ಹಚ್ಚಿದ ಮೇಲೆ ಪ್ರಾಜೆಕ್ಟ್ ಮುಗಿಯಿತು ಎಂದು ನಾವು ತಿಳಿದಿದ್ದೆವು. ಅಕ್ಕೋರಿಗೆ ಮುಗಿದಿರಲಿಲ್ಲ. ಪ್ರತಿ ಗುರುವಾರ ಲ್ಯಾಬಿನ ಅವಧಿಗೆ ಬಂದಾಗ ನಮ್ಮ ಗುಂಪನ್ನು ಕೇಳುತ್ತಿದ್ದರು. ಮಾಡಿದ್ದನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ, ಒಂದೊಂದೇ ಸಾಲು, ಬೆರಳಿಟ್ಟು ಓದಿ ಬನ್ನಿ ಅನ್ನುತ್ತಿದ್ದರು. ಮಾಡುವುದು ಅರ್ಧ ಕೆಲಸ, ಓದುವುದು ಇನ್ನರ್ಧ ಅನ್ನುತ್ತಿದ್ದರು. ಮುಂದಿನ ಗುರುವಾರ "ಓದಿದ್ರಾ?" ಎಂದು ಕೇಳುತ್ತಿದ್ದರು. ಗುಂಪಿನ ಪರವಾಗಿ ನಾನು ಎದ್ದು ನಿಂತು ಓದಿದೆವು ಅಕ್ಕೋರೆ ಎನ್ನುತ್ತಿದ್ದೆ. ಎಲ್ಲ ಸರಿ ಅದ್ಯಾ ಎಂದರೆ ಸರಿ ಅದೆ ಎನ್ನುತ್ತಿದ್ದೆ. ತೊಂಬತ್ತು ಸಾಲು ಯಾರು ಓದುತ್ತಾರೆ? ದಿನಾ ಬಸ್ ಸ್ಟಾಪಿನ ಮುಂದಿನಿಂದಲೇ ಶಾಲೆಗೆ ಹೋಗುತ್ತಿದ್ದೆವು. ನಮ್ಮ ಹೆಸರಿದ್ದ ಕೆಳಗಿನ ಸಾಲನ್ನು ಮಾತ್ರ ಓದುತ್ತಿದ್ದೆವು.

ಎರಡನೇ ತಿಂಗಳಲ್ಲಿ ಚಿಕ್ಕಿ ಒಮ್ಮೆ ಗೊಣಗಿದಳು. ನಿಮ್ಮ ಹಾಳೆ ಹೇಳಿದ್ದಕ್ಕಿಂತ ನೀರು ಮೊದಲೇ ಇಳಿದು ಮೇಲೆ ಬರುತ್ತಿದೆ ಮಗಾ ಅಂದಳು. ನೀವೇ ತಡ ಮಾಡಿ ಹೊರಟಿರಬೇಕು ಎಂದು ನಾನು ಉತ್ತರ ಕೊಟ್ಟೆ. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂದೂ ಹೇಳಿದೆ. ಹದಿನಾಲ್ಕು ವರ್ಷದವಳ ಬಾಯಿ ಎಷ್ಟು ಉದ್ದ ಇರುತ್ತದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಪಟ್ಟಿಯ ಕೊನೆಯ ಅಮಾವಾಸ್ಯೆ ಕಳೆದು ಎರಡನೇ ದಿನ. ಒಂಬತ್ತಕ್ಕೆ ಪೂರ್ತಿ ಇಳಿತ ಎಂದು ಹಾಳೆಯಲ್ಲಿತ್ತು. ಹೆಂಗಸರು ನಿಧಾನವಾಗಿ ಹೊರಟು ಎಂಟೂ ಕಾಲಿಗೆ ಅಳಿವೆಗೆ ಇಳಿದರು. ದಿಬ್ಬ ಎದ್ದಿತ್ತು. ಇನ್ನೂ ಇಳಿಯುವ ನೀರು ಎಂದುಕೊಂಡು ತಲೆ ತಗ್ಗಿಸಿ ಹೆಕ್ಕತೊಡಗಿದರು. ನೀರು ಇಳಿದು ಮುಗಿದು ಗಂಟೆಯ ಮೇಲಾಗಿತ್ತು, ಅದು ಏರುವ ನೀರು. ಚೆಂಡಿಯಾದ ದಂಡೆಯಲ್ಲಾದರೆ ಅವರು ಮೋಸ ಹೋಗುತ್ತಿರಲಿಲ್ಲ. ಈ ಅಳಿವೆಯಲ್ಲಿ ದಿಬ್ಬದ ಹಿಂದೆ, ದಡದ ಬದಿಗೆ ಒಂದು ಕೊರಕಲು ಇದೆ, ಮೊದಲು ತುಂಬುವುದು ಅದು. ತಲೆ ಎತ್ತಿ ನೋಡುವಷ್ಟರಲ್ಲಿ ಎದೆಮಟ್ಟ. ಕೈ ಕೈ ಹಿಡಿದು ದಾಟಿದರು. ಚಿಕ್ಕಿಯ ಕಾಲು ಜಾರಿ ಬಂಡೆಗೆ ಬಿತ್ತು, ಬಂಡೆಗೆ ಕಚ್ಚಿಕೊಂಡ ಚಿಪ್ಪು ಪಾದವನ್ನು ಹಿಮ್ಮಡಿಯವರೆಗೆ ಸೀಳಿತು. ಬುಟ್ಟಿ ಹೋಯಿತು. ಜೀವ ಉಳಿಯಿತು. ಗಾಯ ಕೀವಾಗಿ ಅವಳು ಬೇಸಿಗೆಯವರೆಗೂ ನೆಲಕ್ಕೆ ಕಾಲು ಊರಲಿಲ್ಲ.

ಮರಳಿ ಬರುವಾಗ ಚಿಕ್ಕಿ, ರಕ್ತ ಸೋರುತ್ತಿದ್ದ ಕಾಲಿಗೆ ಸೆರಗು ಸುತ್ತಿಕೊಂಡೇ ಬಸ್ ಸ್ಟಾಪಿನ ಗೋಡೆಯಿಂದ ಹಾಳೆ ಕಿತ್ತಳು. ಅವಳ ಗಂಡ, ನನ್ನ ಚಿಕ್ಕಪ್ಪ, ಅದನ್ನು ಹಿಡಿದುಕೊಂಡು ಶಾಲೆಗೆ ಬಂದ. ಶನಿವಾರ ಶಾಲೆಯ ಸಮಿತಿಯವರ ಸಭೆ ಆಯಿತು. ನಾನು ಹೊರಗೆ ಕಿಟಕಿಯ ಪಕ್ಕದಲ್ಲಿ ನಿಂತಿದ್ದೆ. ಪಟ್ಟಿ ಯಾರು ಮಾಡಿದ್ದು ಎಂದು ಈಗ ಕೇಳುತ್ತಾರೆ, ಈಗ ನನ್ನ ಹೆಸರು ಬರುತ್ತದೆ ಎಂದು ಕಾಯುತ್ತಿದ್ದೆ. ಕೇಳುವ ಮೊದಲೇ ಅಕ್ಕೋರು ಎದ್ದು ನಿಂತರು.

"ತಪ್ಪು ನಂಗೆ ಮೊದ್ಲೇ ಕಂಡಿತ್ತು" ಅಂದರು. "ಮಕ್ಕಳಿಗೇ ಕಾಣ್ಲಿ ಅಂತ ಬಿಟ್ಟಿದ್ದೆ."

ಆಮೇಲೆ ಚಿಕ್ಕಪ್ಪ ಮಾತಾಡಿದ. ಅವನ ದನಿ ದೊಡ್ಡದಿರಲಿಲ್ಲ, ಅದೇ ಕೇಳಲು ಕಷ್ಟವಾಯಿತು.

"ಮಕ್ಕಳು ಕಲಿಯೂಕೆ ನಮ್ಮನೆಯವಳ ಕಾಲು ಬೇಕಾಗಿತ್ತಾ ಅಕ್ಕೋರೆ?"

ಹೆಡ್‌ಮಾಸ್ತರರು ಏನೇನೋ ಕೇಳಿದರು. ಚಿಕ್ಕಪ್ಪ ಹಾಳೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಟ. ನನಗೆ ಆ ಕ್ಷಣ ಅನಿಸಿದ್ದು ಒಂದೇ. ಅಕ್ಕೋರು ನಮ್ಮನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ. ಕಂಡಿದ್ದರೆ ಯಾರಾದರೂ ಸುಮ್ಮನಿರುತ್ತಾರೆಯೇ? ಅವರಿಗೆ ಕಂಡಿರಲು ಸಾಧ್ಯವೇ ಇಲ್ಲ, ಅವರು ಸುಂಕಸಾಳದವರು. ಎಂಥ ಒಳ್ಳೆಯವರು ಅಂದುಕೊಂಡೆ, ಬಚಾವಾದೆ ಎಂದೂ ಅಂದುಕೊಂಡೆ. ಎರಡರಲ್ಲಿ ಯಾವುದು ಮೊದಲು ಅನಿಸಿತು ಎಂದು ಕೇಳಿದರೆ ಹೇಳಲಾರೆ.

ಸೋಮವಾರ ಅಕ್ಕೋರು ನನ್ನೊಬ್ಬಳನ್ನೇ ಲ್ಯಾಬಿಗೆ ಕರೆದರು. ಮುಸುಕು ತೆಗೆದಿರಲಿಲ್ಲ. ಬೈಯಲಿಲ್ಲ. ಕೂಡು ಅಂದರು. ನನ್ನ ಬರವಣಿಗೆಯ ಹಾಳೆ, ಅಜ್ಜಿಯನ್ನು ಕೇಳಿ ಬರೆದುಕೊಂಡಿದ್ದು, ಅವರ ಮುಂದಿತ್ತು.

"ನಿನ್ನ ಅಜ್ಜಿ ಬೇರೆ ಏನಾದ್ರೂ ಹೇಳಿದ್ರಾ?"

"ಇಲ್ಲ ಅಕ್ಕೋರೆ."

"ನೆನಪು ಮಾಡ್ಕೊ ನೋಡ್ವ."

"ಇಲ್ಲ."

ಸರಿ ಹೋಗು ಅಂದರು. ಅಷ್ಟೇ. ಸಂಜೆ ಮನೆಗೆ ಹೋದರೆ ಅಜ್ಜಿ ಹೇಳಿದಳು, ನಿನ್ನೆ ನೀನು ಚಿಕ್ಕಿಯ ಮನೆಗೆ ಹೋದಾಗ ನಿಮ್ಮ ಅಕ್ಕೋರು ಬಂದಿದ್ದರು, ಭಾನುವಾರವಾದರೂ ಅಷ್ಟು ದೂರದಿಂದ ಬಸ್ಸು ಹಿಡಿದು ಬಂದಿದ್ದಾರೆ ಪಾಪ, ಇಲ್ಲೇ ಜಗಲಿಯಲ್ಲಿ ಕೂತು ನೀರಿನ ಲೆಕ್ಕ ಎಲ್ಲ ಕೇಳಿ ಬರೆದುಕೊಂಡು ಹೋದರು ಎಂದು. ಅಮಾವಾಸ್ಯೆಗೆ ಮೊದಲಿಂದ ಎಣಿಸುವುದನ್ನೂ ಹೇಳಿದೆಯಾ ಎಂದು ಕೇಳಿದೆ. ಅದನ್ನು ಹೇಳದಿದ್ದರೆ ಲೆಕ್ಕ ಎಲ್ಲಿ ಆಗುತ್ತದೆ, ನಿನಗೂ ಹೇಳಿದ್ದೆನಲ್ಲ ಅಂದಳು ಅಜ್ಜಿ.

ಅಂದರೆ ಎಲ್ಲ ಗೊತ್ತಿದ್ದೇ ಅವರು ನನ್ನನ್ನು ಕೇಳಿದ್ದರು. ನಾನು ಒಮ್ಮೆ ಹೌದು ಅಂದಿದ್ದರೆ ಸಾಕಾಗಿತ್ತು. ಅದಕ್ಕಾಗಿಯೇ ಕರೆದಿದ್ದರು. ನಾಳೆ ಹೋಗಿ ಹೇಳುತ್ತೇನೆ ಅಂದುಕೊಂಡೆ. ನಾಳೆ ಹೇಳಲಿಲ್ಲ, ನಾಡಿದ್ದೂ ಹೇಳಲಿಲ್ಲ. ಅಕ್ಕೋರು ಮತ್ತೆ ಕೇಳಲೂ ಇಲ್ಲ. ಅಮಾವಾಸ್ಯೆಗೆ ಹೊಸದಾಗಿ ಶುರುವಾಗುವ ಪಟ್ಟಿಯನ್ನು ನಮ್ಮ ಕೈಯಲ್ಲೇ ಮಾಡಿಸಿದರು. ಅದನ್ನು ಗೋಡೆಗೆ ಹಚ್ಚಲು ಮಾತ್ರ ಯಾರೂ ಬಿಡಲಿಲ್ಲ. ಓದಿದ್ರಾ ಎಂದು ಕೇಳುವುದನ್ನು ಅವರು ನಿಲ್ಲಿಸಿದ್ದರು. ಅವರು ಕೇಳದಿದ್ದದ್ದೇ ನನಗೆ ಹೆಚ್ಚು ನೋವು ಕೊಟ್ಟಿತು.

ಜೂನಿನಲ್ಲಿ ಶಾಲೆ ಶುರುವಾದಾಗ ಅವರಿರಲಿಲ್ಲ. ಸಮಿತಿಯವರು ಬರೆದುಕೊಟ್ಟ ಕಾಗದದಿಂದ ಹೋದರು ಎಂದು ಕೆಲವರು. ಗುತ್ತಿಗೆಯವರನ್ನೆಲ್ಲ ಆ ವರ್ಷ ಬಿಡಿಸಿದ್ದರು, ಇವರೊಬ್ಬರನ್ನೇ ಅಲ್ಲ ಎಂದು ಇನ್ನು ಕೆಲವರು. ಯಾವುದು ನಿಜ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮನಸ್ಸು ನೆಟ್ಟಗಿರುವ ದಿನ ಎರಡನೆಯದನ್ನು ನಂಬುತ್ತೇನೆ. ಲ್ಯಾಬಿಗೆ ಬೀಗ ಬಿತ್ತು. ಕಿಟಕಿಯಿಂದ ಇಣುಕಿದರೆ ಐದೂ ಕಂಪ್ಯೂಟರಿಗೆ ಮುಸುಕು ಹಾಕಿಯೇ ಇತ್ತು. ನಾವು ಹತ್ತನೆಯ ತರಗತಿಯಲ್ಲಿ ಮತ್ತೆ ಮಾನಿಟರಿನ ಚಿತ್ರ ಬರೆದೆವು.

ಆಮೇಲೆ ಎಷ್ಟೋ ಆಯಿತು. ಅಜ್ಜಿ ಹೋದಳು. ನಾನು ಕಾರವಾರಕ್ಕೆ ಮದುವೆಯಾಗಿ ಬಂದೆ, ಅಂಗಡಿ ಹಾಕಿದೆ. ನಗಬೇಕೋ ಅಳಬೇಕೋ ತಿಳಿಯದ ಸಂಗತಿಯೆಂದರೆ, ನನ್ನ ಅಂಗಡಿಗೆ ಅತಿ ಹೆಚ್ಚು ಬರುವುದು ಪ್ರಾಜೆಕ್ಟಿನವರು. ತಾಯಂದಿರು ಶಾಲೆಯಿಂದ ಬಂದ ಚೀಟಿ ಹಿಡಿದು ಬರುತ್ತಾರೆ. 'ನೀರಿನ ಉಳಿತಾಯ' ಒಂದು ಕೊಡಿ, 'ನಮ್ಮ ಹಬ್ಬಗಳು' ಒಂದು ಕೊಡಿ, ನಾಳೆಗೇ ಬೇಕು ಅನ್ನುತ್ತಾರೆ. ಎಲ್ಲ ಸಿದ್ಧ ಇದೆ ನನ್ನ ಕಂಪ್ಯೂಟರಿನಲ್ಲಿ. ಹೆಸರು ಬದಲಿಸಿ, ಬಣ್ಣದ ಅಂಚು ಹಾಕಿ, ಪ್ರಿಂಟ್ ತೆಗೆದು ಕೊಡುತ್ತೇನೆ. ಮಕ್ಕಳು ಪಕ್ಕದಲ್ಲಿ ನಿಂತು ಮೊಬೈಲ್ ನೋಡುತ್ತಿರುತ್ತಾರೆ. ಓದುತ್ತೀಯಾ ಇದನ್ನು ಎಂದು ನಾನು ಯಾವ ಮಗುವನ್ನೂ ಕೇಳಿಲ್ಲ.

ಎರಡು ವರ್ಷದ ಹಿಂದೆ ಸುಂಕಸಾಳದವರೊಬ್ಬರು ಅರ್ಜಿ ತುಂಬಿಸಲು ಬಂದಿದ್ದರು. ಊರಿನ ಹೆಸರು ನೋಡಿ, ಹಿಂದೆ ಕಂಪ್ಯೂಟರ್ ಕಲಿಸುತ್ತಿದ್ದ ಅಕ್ಕೋರೊಬ್ಬರು ನಿಮ್ಮಲ್ಲಿದ್ದರಲ್ಲ ಎಂದು ಕೇಳಿದೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು, ಬಹಳ ದಿನದಿಂದ ಹುಷಾರಿರಲಿಲ್ಲ ಅಂದರು. ಮನೆಯಲ್ಲೇ ಹೊಲಿಗೆ ಹೇಳಿಕೊಡುತ್ತಿದ್ದರಂತೆ. ನಾನು ಅರ್ಜಿಯಲ್ಲಿ ತಾರೀಖು ತಪ್ಪು ಹಾಕಿ, ಎರಡನೇ ಸಲ ತುಂಬಿದೆ.

ಈಗ ಕಳೆದ ವಾರಕ್ಕೆ ಬರುತ್ತೇನೆ. ಚಿಕ್ಕಿ ಹೋದ ಮೇಲೆ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಉಪ್ಪಿನ ಕಲೆ ಹೋಯಿತು, ಧೂಳು ಹೋಯಿತು. ಒಂದು ಕಡೆ ಬೂದು ಬಣ್ಣದ್ದೇನೋ ಉಳಿಯಿತು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಉಗುರಿಗೆ ಏನೂ ತಾಗಲೂ ಇಲ್ಲ, ಪ್ಲಾಸ್ಟಿಕ್ಕು ನುಣ್ಣಗಿತ್ತು. ಬೆಳಕಿಗೆ ಹಿಡಿದೆ. ಪೆನ್ಸಿಲ್. ಮೊದಲ ಸಾಲಿನಲ್ಲಿ 'ಅಮಾವಾಸ್ಯೆ, ಬೆಳಿಗ್ಗೆ 5.10' ಎಂಬುದಕ್ಕೆ ಒಂದು ಸಣ್ಣ ಸುತ್ತು. ಬಹಳ ಕೆಳಗೆ, ಕೊನೆಯ ಅಮಾವಾಸ್ಯೆಯ '7.20' ಕ್ಕೆ ಇನ್ನೊಂದು ಸುತ್ತು. ಎರಡನ್ನೂ ಕೂಡಿಸಿ ಹಾಳೆಯ ಅಂಚಿನಲ್ಲಿ ಎಳೆದ ತೆಳ್ಳನೆಯ ಗೆರೆ. ಗೆರೆ ನಡುಗಿತ್ತು, ಓಡುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಎಳೆದ ಹಾಗೆ. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ.

ನನ್ನ ಕಸುಬೇ ಇದು. ಪ್ಲಾಸ್ಟಿಕ್ಕಿನ ಮೇಲೆ ಬರೆದದ್ದು ಯಾವುದು, ಕೆಳಗೆ ಬರೆದದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇದು ಕೆಳಗಿನದು. ಲ್ಯಾಮಿನೇಷನ್ ಆಗುವ ಮೊದಲೇ ಬರೆದದ್ದು. ಅಂದರೆ ಸಭೆಯಲ್ಲಿ ಅಕ್ಕೋರು ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜವಾಗಿಯೂ ಮೊದಲೇ ಕಂಡಿತ್ತು. ಎಲ್ಲ ಅಮಾವಾಸ್ಯೆಗೂ ನೀರು ಒಂದೇ ಹೊತ್ತಿಗೆ ಇಳಿಯಬೇಕಲ್ಲವೇ, ಇದೇಕೆ ಎರಡು ಗಂಟೆ ಆಚೀಚೆ ಎಂದು ಸುಂಕಸಾಳದ ಹೆಣ್ಣುಮಗಳಿಗೆ ಬಸ್ಸಿನಲ್ಲಿ ಕೂತು ಓದಿದಾಗಲೇ ಹೊಳೆದಿತ್ತು.

ಹಾಗಾದರೆ ಏಕೆ ಹಚ್ಚಲು ಬಿಟ್ಟರು? ಒಂದು ವಾರದಿಂದ ಇದನ್ನೇ ತಲೆಗೆ ಹಚ್ಚಿಕೊಂಡಿದ್ದೇನೆ, ಒಂದೂ ಗಟ್ಟಿಯಾಗಿ ನಿಲ್ಲುವುದಿಲ್ಲ. ನಾವೇ ಕಂಡುಹಿಡಿದು ಓಡಿಬರಲಿ ಎಂದು ಕಾದರೇ? ಹಾಗಿದ್ದರೆ ಚಿಕ್ಕಪ್ಪ ಕೇಳಿದ್ದು ನ್ಯಾಯವೇ, ಯಾರದೋ ಕಾಲಿನ ಮೇಲೆ ಪಾಠ ಮಾಡಬಾರದು. ಅಥವಾ ಸಮುದ್ರದವರ ಮಕ್ಕಳು ನಾವು, ಓದಿದೆವು, ಸರಿ ಇದೆ ಎಂದು ವಾರ ವಾರ ಎದ್ದು ನಿಂತು ಹೇಳಿದೆವು... ತನಗೆ ತಿಳಿಯದ ನೀರು, ಚಳಿಗಾಲ ಕಳೆದಂತೆ ಅದರ ಹೊತ್ತೂ ಜರುಗುವುದೇನೋ ಎಂದು ತಮ್ಮ ಪ್ರಶ್ನೆಯನ್ನೇ ನುಂಗಿಕೊಂಡರೇ? ಹಾಗಿದ್ದರೆ ಅವರು ಮಾಡಿದ ತಪ್ಪು ಒಂದೇ, ನನ್ನನ್ನು ನಂಬಿದ್ದು. ಒಮ್ಮೆ ಅವರ ಮೇಲೆ ಸಿಟ್ಟು ಬರುತ್ತದೆ. ಮರುಗಳಿಗೆ ನನ್ನ ಮೇಲೆ ಬರುತ್ತದೆ. ಕೇಳಿ ತಿಳಿಯೋಣ ಎಂದರೆ ಕೇಳಬೇಕಾದವರು ಇಲ್ಲ. ಮೂರು ತಿಂಗಳು ಆ ಪ್ರಶ್ನೆ ಚಿಹ್ನೆ ಬಸ್ ಸ್ಟಾಪಿನ ಗೋಡೆಯ ಮೇಲೆ ನಮ್ಮ ಕಣ್ಣಳತೆಯಲ್ಲೇ ಇತ್ತು, ಇಷ್ಟು ಮಾತ್ರ ನನಗೆ ಖಂಡಿತ ಗೊತ್ತು.

ನಿನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಯಂತ್ರ ತಣ್ಣಗಾಯಿತು. ಪ್ರಾಜೆಕ್ಟಿಗೆ ಬಂದಿದ್ದ ತಾಯಿಯೊಬ್ಬಳು ಆಮೇಲೆ ಬರುತ್ತೇನೆ ಎಂದು ಹೋದಳು. ನಾನು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಕೂತೆ. ಮೇಲಿಂದ ಶುರು ಮಾಡಿದೆ. ಬೆರಳಿಟ್ಟು, ಒಂದೊಂದೇ ಸಾಲು, ತಾರೀಖು, ತಿಥಿ, ಹೊತ್ತು. ಪಾಡ್ಯ, ಬಿದಿಗೆ, ತದಿಗೆ. ಎರಡನೇ ಅಮಾವಾಸ್ಯೆಗೆ ಬರುವಷ್ಟರಲ್ಲೇ ತಪ್ಪು ಕಾಣತೊಡಗಿತು. ಎಷ್ಟು ಸುಲಭವಾಗಿ ಕಾಣುತ್ತಿತ್ತು ಎಂದರೆ ಕಣ್ಣಲ್ಲಿ ನೀರು ಬಂತು. ಮಧ್ಯದಲ್ಲಿ ನಿಲ್ಲಿಸಲಿಲ್ಲ. ಭರಣಿಯ ಕಲೆ ಇದ್ದಲ್ಲಿಯೂ ಓದಿದೆ, ನಮ್ಮ ಗುಂಪಿನ ಹೆಸರಿನವರೆಗೂ ಓದಿದೆ. ಕಾಲು ಗಂಟೆ ಹಿಡಿಯಿತು, ಅದಕ್ಕಿಂತ ಹೆಚ್ಚಿಲ್ಲ.

ಓದಿದೆ ಅಕ್ಕೋರೆ, ಎಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.